ಬೆನ್ನಿನ ಮೇಲಿನ ಬಿಡಾರ: ವಸಂತದಲ್ಲಿ ಮಲೆಯೇರುವ ಮುನ್ನ

ಗಾಳಿ ತಿಳಿಯಾಗಿರುವ ಮುಂಜಾವಿನಲ್ಲಿ ಕರುಮತ್ತಂಪಟ್ಟಿಯ ಮಾಳಿಗೆಯೊಂದರ ಮೇಲೆ ನಿಂತವರಿಗೆ ವಾಯವ್ಯ ದಿಕ್ಕಿನಲ್ಲಿ ನೀಲಗಿರಿಯ ಗೋಡೆ ಕಾಣಿಸುತ್ತದೆ. ಕೆಳಗೆ ವಿದ್ಯುನ್ಮಗ್ಗಗಳ ಪಾಳಿ ಬದಲಾಗುತ್ತದೆ. ಆಚೆ ಸೇಲಂ–ಕೊಚ್ಚಿ ಹೆದ್ದಾರಿಯಲ್ಲಿ ಲಾರಿಗಳು ಸಾಗುತ್ತವೆ. ಈ ಗದ್ದಲಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಮಲೆ ಸುಮ್ಮನೆ ನಿಂತಿರುತ್ತದೆ. ಆ ಮಲೆಯ ಮೇಲಿನ ಅನೇಕ ಹೆಸರುಗಳನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಹೆಸರಿನಲ್ಲೇ ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಅಲ್ಲಿನ ಬಡಗರ ನುಡಿ ಕನ್ನಡದ ಒಡಹುಟ್ಟು. ಹೆಸರು ಇಷ್ಟು ಹತ್ತಿರದ್ದಾಗಿದ್ದರೂ ಆ ಮಲೆಯಲ್ಲಿ ನಾಲ್ಕು ದಿನ ನಡೆಯುವುದೆಂದರೆ ಹೇಗೆ, ಯಾರ ಅಪ್ಪಣೆ ಬೇಕು, ಯಾವ ತಿಂಗಳಲ್ಲಿ ಹೋಗಬಾರದು ಎಂಬುದು ಹೆಚ್ಚಿನ ಮನೆಗಳಿಗೆ ತಿಳಿಯದು.

ಈ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಪರೀಕ್ಷೆ ಮುಗಿಯುವ ಕಾಲದಲ್ಲಿ. ಏಪ್ರಿಲ್ ನಡುವಿನ ಹೊತ್ತಿಗೆ ಮಕ್ಕಳು ಬಿಡುವಾಗುತ್ತಾರೆ; ಶಾಲೆ ಮತ್ತೆ ತೆರೆಯುವುದು ಜೂನ್ ತಿಂಗಳಿಗೆ. ನಡುವಿನ ಚೈತ್ರ–ವೈಶಾಖಗಳೇ ವಸಂತ. ಕವಿಗಳ ವಸಂತದಲ್ಲಿ ಮಾವು ಚಿಗುರಿ ಕೋಗಿಲೆ ಹಾಡುತ್ತದೆ. ಪಶ್ಚಿಮಘಟ್ಟದ ಅರಣ್ಯ ರಕ್ಷಕನ ವಸಂತದಲ್ಲಿ ಹುಲ್ಲು ಒಣಗಿ ಕಿಡಿಗಾಗಿ ಕಾಯುತ್ತಿರುತ್ತದೆ. ಶಾಲೆಯ ಪಂಚಾಂಗವೂ ಕಾಡಿನ ಪಂಚಾಂಗವೂ ಕೂಡಿಬರದಿರುವುದರಿಂದಲೇ ಈ ಯೋಜನೆಗೆ ಇಷ್ಟು ಯೋಚನೆ ಬೇಕಾಗಿದೆ.

ಒಂದು ಮನೆಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳಬಹುದು. ಕರುಮತ್ತಂಪಟ್ಟಿಯಲ್ಲಿ ಕೂಲಿ ನೇಯ್ಗೆ ಮಾಡುವ ದೇವಾಂಗ ಕುಟುಂಬ. ಹತ್ತನೆಯ ತರಗತಿ ಮುಗಿಸಿದ ಮಗ, ಏಳನೆಯ ತರಗತಿಯ ಮಗಳು. ತಾಳವಾಡಿಯಲ್ಲಿರುವ ಸೋದರತ್ತೆಯ ಮಗನಿಗೂ ಅದೇ ವಯಸ್ಸು. ಅವನು ಕನ್ನಡ ಮಾಧ್ಯಮದಲ್ಲಿ ಓದುತ್ತಾನೆ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ದಾಟದೆ ಅವನ ಊರಿನಿಂದ ಸತ್ಯಮಂಗಲಕ್ಕೆ ಇಳಿಯುವಂತಿಲ್ಲ. ರಾತ್ರಿ ಆ ರಸ್ತೆ ಪ್ರಾಣಿಗಳಿಗಾಗಿ ಮುಚ್ಚಿರುತ್ತದೆ ಎಂಬುದು ಅವನಿಗೆ ಪಾಠವಲ್ಲ, ದಿನಚರಿ. ಮಕ್ಕಳು ಮೂವರೂ ಕೂಡಿ ಒಂದು ಬೇಡಿಕೆ ಇಟ್ಟಿದ್ದಾರೆ: ಈ ರಜೆಯಲ್ಲಿ ಚೀಲ ಬೆನ್ನಿಗೇರಿಸಿ ದೊಡ್ಡ ಮಲೆಯೊಂದರಲ್ಲಿ ಒಂದು ವಾರ ನಡೆಯಬೇಕು. ತಂದೆಗೆ ಆಸೆಯಿದೆ, ಲೆಕ್ಕವೂ ಇದೆ. ಅಜ್ಜಿಗೆ ಲೆಕ್ಕ ಮಾತ್ರ ಇದೆ: ಮಗ್ಗ ನಿಂತಷ್ಟು ದಿನ ಕೂಲಿಯೂ ನಿಲ್ಲುತ್ತದೆ. ಇಂಥ ಮನೆಗಳು ಸೋಮನೂರಿನಿಂದ ಹೊಸೂರಿನವರೆಗೆ, ಅತ್ತ ಕಾಸರಗೋಡಿನವರೆಗೆ ಎಷ್ಟೋ ಇರಬಹುದು.

ಉದ್ಯಾನವೆಂಬ ಹೆಸರು

ಮೊದಲು ಬಿಡಿಸಿಕೊಳ್ಳಬೇಕಾದ ತೊಡಕು ಹೆಸರಿನದು. ‘ರಾಷ್ಟ್ರೀಯ ಉದ್ಯಾನ’ ಎಂದೊಡನೆ ಟಿಕೆಟ್ ಕೊಂಡು ಒಳಹೊಕ್ಕು ಹುಲ್ಲಿನ ಮೇಲೆ ಬುತ್ತಿ ಬಿಚ್ಚುವ ಜಾಗವೆಂಬ ಭಾವನೆ ಬರುತ್ತದೆ. ಕಾನೂನಿನ ಭಾವನೆ ಇದಕ್ಕೆ ತದ್ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೆಯ ಕಲಮು ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸುವ ವಿಧಾನವನ್ನು ಹೇಳುತ್ತದೆ. ಅಭಯಾರಣ್ಯಗಳಿಗೆ ಸಂಬಂಧಿಸಿದ 27 ಮತ್ತು 28ನೆಯ ಕಲಮುಗಳನ್ನೂ ಇದಕ್ಕೆ ಅನ್ವಯಿಸುತ್ತದೆ. 27ನೆಯ ಕಲಮಿನ ಸಾರ ಇಷ್ಟು: ಕರ್ತವ್ಯದಲ್ಲಿರುವ ಸರ್ಕಾರಿ ನೌಕರ ಮೊದಲಾದ ಕೆಲವರನ್ನು ಬಿಟ್ಟರೆ, ಅನುಮತಿ ಪತ್ರವಿಲ್ಲದೆ ಯಾರೂ ಪ್ರವೇಶಿಸುವಂತಿಲ್ಲ. ಯಾವ ಉದ್ದೇಶಗಳಿಗೆ ಅನುಮತಿ ಕೊಡಬಹುದು ಎಂಬುದನ್ನು 28ನೆಯ ಕಲಮು ಹೇಳುತ್ತದೆ. ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆಗಳ ಸಾಲಿನಲ್ಲಿ ಪ್ರವಾಸವೂ ಒಂದು. ಪ್ರವೇಶವಿಲ್ಲ ಎಂಬುದೇ ಇಲ್ಲಿ ನಿಯಮ. ಪ್ರವಾಸಿಯ ಪ್ರವೇಶ ಒಂದು ವಿನಾಯಿತಿ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಬಾಗಿಲಲ್ಲಿ ಜಗಳವಾಡುವ ಪ್ರಸಂಗಗಳು ಎಷ್ಟೋ ತಪ್ಪುತ್ತವೆ.

ಪ್ರಾಣಿಗಳನ್ನು ಕೆಣಕುವುದು ಮತ್ತು ಕಸ ಚೆಲ್ಲುವುದು ಅದೇ 27ನೆಯ ಕಲಮಿನಡಿ ನಿಷಿದ್ಧ. ಬೆಂಕಿ ಹಚ್ಚುವುದನ್ನು 30ನೆಯ ಕಲಮು ತಡೆಯುತ್ತದೆ. ಉಲ್ಲಂಘನೆಗೆ 51ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಆಗಬಹುದು. ಈ ಸಾಮಾನ್ಯ ದಂಡದ ಮೇಲ್ಮಿತಿಯನ್ನು 2022ರ ತಿದ್ದುಪಡಿ ಇಪ್ಪತ್ತೈದು ಸಾವಿರದಿಂದ ಒಂದು ಲಕ್ಷ ರೂಪಾಯಿಗೆ ಏರಿಸಿದೆ. ಚಹಾ ಕಾಯಿಸಲೆಂದು ಮೂರು ಕಲ್ಲು ಹೂಡಿ ಕಡ್ಡಿ ಗೀರುವವನಿಗೆ ಇಷ್ಟು ದೊಡ್ಡ ಕಾಯ್ದೆ ನೆನಪಾಗುವುದಿಲ್ಲ ಎಂಬುದು ಬೇರೆ ಮಾತು.

ಹತ್ತಿರದ ಉದ್ಯಾನಗಳನ್ನು ಒಂದೊಂದಾಗಿ ನೋಡಿದರೆ ಬಾಗಿಲುಗಳು ಎಷ್ಟು ಕಿರಿದಾಗಿವೆ ಎಂಬುದು ಕಾಣುತ್ತದೆ. ನೀಲಗಿರಿಯ ಪಶ್ಚಿಮದ ಅಂಚಿನಲ್ಲಿರುವ ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 78 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದು ಇರುವುದು ಮನುಷ್ಯನಿಗಾಗಿ ಅಲ್ಲ, ಕಡಿದಾದ ಬಂಡೆಗಳ ಮೇಲೆ ಬದುಕುವ ನೀಲಗಿರಿ ತಾರ್ ಎಂಬ ಕಾಡಾಡಿಗಾಗಿ. ಅದೇ ಪ್ರಾಣಿಗಾಗಿ ಕೇರಳದ ಇರವಿಕುಳಂ ಉದ್ಯಾನವನ್ನು ಪ್ರತಿ ವರ್ಷ ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ, ಅವು ಮರಿ ಹಾಕುವ ಕಾಲದಲ್ಲಿ, ಪ್ರವಾಸಿಗಳಿಗೆ ಮುಚ್ಚುತ್ತಾರೆ. 2,695 ಮೀಟರ್ ಎತ್ತರದ ಆನಮುಡಿ ಆ ಉದ್ಯಾನದೊಳಗಿದೆ. ಆದರೆ ಸಾಮಾನ್ಯ ಪ್ರವಾಸಿ ಹೋಗಬಹುದಾದದ್ದು ರಾಜಮಲೈ ಭಾಗಕ್ಕೆ ಮಾತ್ರ. 1984ರಲ್ಲಿ ಉದ್ಯಾನವೆಂದು ಘೋಷಿತವಾದ ಸೈಲೆಂಟ್ ವ್ಯಾಲಿಗೆ ಮುಕ್ಕಾಲಿಯಿಂದ ಇಲಾಖೆಯ ವಾಹನದಲ್ಲಿ ಹೋಗಿ ಸೈರಂಧ್ರಿಯಲ್ಲಿ ಇಳಿದು ಸಂಜೆಯೊಳಗೆ ಮರಳಬೇಕು. ಬಿಡಾರ ಹೊತ್ತು ದಿನಗಟ್ಟಲೆ ಅಲೆಯುವ ಅವಕಾಶ ಇವುಗಳಲ್ಲಿ ಯಾವುದೂ ಜನಸಾಮಾನ್ಯರಿಗೆ ಕೊಡುವುದಿಲ್ಲ.

ಕುರಂಗಣಿಯ ನಂತರ

ಮನೆಯ ಅಜ್ಜಿ ‘ಬೆಂಕಿ ಬೀಳುವ ಕಾಲ’ ಎಂದು ಹೆದರುವುದಕ್ಕೆ ಕಾರಣವಿದೆ. 2018ರ ಮಾರ್ಚ್ 11, ಭಾನುವಾರ. ತೇನಿ ಜಿಲ್ಲೆಯ ಬೋಡಿನಾಯಕ್ಕನೂರಿನ ಬಳಿಯ ಕುರಂಗಣಿ ಬೆಟ್ಟಗಳಲ್ಲಿ ಕೊಳುಕ್ಕುಮಲೈ ಕಡೆಯಿಂದ ಇಳಿಯುತ್ತಿದ್ದ ಎರಡು ಚಾರಣ ತಂಡಗಳು ಕಾಳ್ಗಿಚ್ಚಿಗೆ ಸಿಕ್ಕಿದವು. ಒಂದು ತಂಡ ಚೆನ್ನೈಯದು. ಇನ್ನೊಂದರಲ್ಲಿದ್ದವರು ಈರೋಡು ಮತ್ತು ತಿರುಪ್ಪೂರಿನ ಕಡೆಯವರು. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಊರವರು ಗಾಯಾಳುಗಳನ್ನು ಹೊತ್ತು ಇಳಿಸಿದರು. ಆಸ್ಪತ್ರೆಗಳಲ್ಲಿ ವಾರಗಟ್ಟಲೆ ಒಬ್ಬೊಬ್ಬರಾಗಿ ತೀರಿಕೊಂಡವರೂ ಸೇರಿ ಸತ್ತವರ ಸಂಖ್ಯೆ 23ಕ್ಕೆ ಮುಟ್ಟಿತು. ಅವರು ಹಿಡಿದ ದಾರಿಗೆ ಇಲಾಖೆಯ ಅನುಮತಿ ಇರಲಿಲ್ಲವೆಂಬುದು ಆಮೇಲೆ ಹೊರಬಿತ್ತು. ಸರ್ಕಾರ ಹಿರಿಯ ಅಧಿಕಾರಿ ಅತುಲ್ಯ ಮಿಶ್ರಾ ಅವರಿಂದ ವಿಚಾರಣೆ ನಡೆಸಿತು. ಅದೇ ವರ್ಷ ತಮಿಳುನಾಡಿನಲ್ಲಿ ಚಾರಣಕ್ಕೆ ಪ್ರತ್ಯೇಕ ನಿಯಮಾವಳಿ ಬಂತು.

ಬಲ್ಲ ಯುವಕರೇ ಓಡಿ ತಪ್ಪಿಸಿಕೊಳ್ಳಲಾಗದೆ ಹೋದದ್ದೇಕೆ ಎಂಬುದನ್ನು ಮಕ್ಕಳಿಗೂ ತಿಳಿಸಬೇಕು. ಬಿಸಿಗಾಳಿ ಮೇಲಕ್ಕೇರುತ್ತದೆ. ಇಳಿಜಾರಿನ ಬುಡದಲ್ಲಿ ಹತ್ತಿದ ಬೆಂಕಿ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿ ಸಿದ್ಧಮಾಡಿಕೊಳ್ಳುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದಂತೆಲ್ಲ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆಂಬುದು ಕಾಳ್ಗಿಚ್ಚು ಆರಿಸುವವರು ಬಳಸುವ ಅಂದಾಜು. ಮನುಷ್ಯನ ಕಾಲಿಗೆ ಇದು ತಿರುಗುಮುರುಗು: ಏರು ಹೆಚ್ಚಿದಂತೆ ಅವನ ವೇಗ ಕುಸಿಯುತ್ತದೆ. ಕಣಿವೆಯ ಸಂದು ನೆರಳಾಗಿ, ತಂಪಾಗಿ ಕಂಡರೂ ಬೆಂಕಿಯ ಹೊತ್ತಿನಲ್ಲಿ ಅದೇ ಹೊಗೆಗೊಳವೆಯಾಗುತ್ತದೆ. ನೀಲಗಿರಿಯಂಥ ಎತ್ತರದ ಹುಲ್ಲುಗಾವಲುಗಳಲ್ಲಿ ಡಿಸೆಂಬರ್–ಜನವರಿಯ ಹಿಮದ ಇಬ್ಬನಿಗೆ ಹುಲ್ಲು ಸುಟ್ಟಂತೆ ಕಂದುತ್ತದೆ, ಮುಂದಿನ ಎರಡು ತಿಂಗಳ ಬಿಸಿಲಿಗೆ ಕಾಗದದಷ್ಟು ಒಣಗುತ್ತದೆ. ಅಶ್ವಿನಿ, ಭರಣಿ ಮಳೆಗಳು ಒಂದೆರಡು ಬಾರಿ ಬಿದ್ದು ಬುಡ ಹಸಿಯಾಗುವವರೆಗೆ ಈ ಭಯ ಕಳೆಯುವುದಿಲ್ಲ.

ಇಲಾಖೆಯ ದಿನಾಂಕಗಳ ಹಿಂದೆ ಇರುವುದು ಇದೇ. 2024ರ ಅಕ್ಟೋಬರ್ 24ರಂದು ತಮಿಳುನಾಡು ಸರ್ಕಾರ ‘ಟ್ರೆಕ್ ತಮಿಳುನಾಡು’ ಯೋಜನೆಯನ್ನು ಆರಂಭಿಸಿ 14 ಜಿಲ್ಲೆಗಳ 40 ದಾರಿಗಳನ್ನು ಸಾರ್ವಜನಿಕರಿಗೆ ತೆರೆಯಿತು. ಸುಲಭ, ಮಧ್ಯಮ, ಕಠಿಣ ಎಂಬ ಮೂರು ವರ್ಗ. ಅಂತರ್ಜಾಲದಲ್ಲಿ ಮುಂಗಡ ಕಾಯ್ದಿರಿಸುವಿಕೆ. ಜೊತೆಗೆ ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿ. ಕೊಯಮತ್ತೂರು ಜಿಲ್ಲೆಯಲ್ಲೇ ಟಾಪ್‌ಸ್ಲಿಪ್–ಪಂಡಾರವರೈ, ಚಾಡಿವಯಲ್–ಸಿರುವಾಣಿ ಮೊದಲಾದ ದಾರಿಗಳಿವೆ. ಆರಂಭವಾದ ನಾಲ್ಕು ತಿಂಗಳೊಳಗೆ, 2025ರ ಫೆಬ್ರುವರಿ 15ರಿಂದ ಏಪ್ರಿಲ್ 15ರವರೆಗೆ, ಬೆಂಕಿಯ ಕಾಲವೆಂದು ಎಲ್ಲವನ್ನೂ ನಿಲ್ಲಿಸಿದರು. ಹೀಗೆ ನಿಲ್ಲಿಸಿದ್ದಕ್ಕೆ ಗೊಣಗಿದವರು ಕುರಂಗಣಿಯನ್ನು ಮರೆತವರು.

ಇದಕ್ಕೆ ಅಪವಾದದಂತೆ ತೋರುವುದು ವೆಳ್ಳಿಯಂಗಿರಿ. ಶಿವರಾತ್ರಿಯ ಆಸುಪಾಸಿನಿಂದ ಮೇ ತಿಂಗಳವರೆಗೆ, ಬಿದಿರ ಕೋಲೂರಿ ಏಳು ಬೆಟ್ಟಗಳನ್ನು ದಾಟಿ ಕೊನೆಯ ಗುಹೆಯಲ್ಲಿರುವ ಸ್ವಯಂಭುಲಿಂಗವನ್ನು ಕಾಣುವ ಜನಪ್ರವಾಹ ನಿಲ್ಲುವುದಿಲ್ಲ. ಕೊಯಮತ್ತೂರು ಸೀಮೆಯ ಕನ್ನಡ ಮನೆಗಳಿಗೂ ಇದು ಹೊಸತಲ್ಲ. ಅಜ್ಜಂದಿರ ಕಾಲದ ವಸಂತದ ಚಾರಣವೆಂದರೆ ಇದೇ. ಆದರೆ ಪೂಂಡಿಯ ಬುಡದಿಂದ ಹೊರಟು ಮರುದಿನ ಇಳಿಯುವ ಈ ಯಾತ್ರೆಯನ್ನು ಹಗುರವಾಗಿ ಎಣಿಸಿ ಕೆಟ್ಟವರಿದ್ದಾರೆ. 2024ರ ಋತುವೊಂದರಲ್ಲೇ ಉಸಿರುಗಟ್ಟಿ, ಹೃದಯ ನಿಂತು ಹಲವು ಭಕ್ತರು ದಾರಿಯಲ್ಲೇ ಪ್ರಾಣಬಿಟ್ಟರು. ಹೃದಯ, ಉಸಿರಾಟದ ತೊಂದರೆಯುಳ್ಳವರು ಏರಬಾರದೆಂದು ಇಲಾಖೆ ಬುಡದಲ್ಲೇ ಎಚ್ಚರಿಸುತ್ತದೆ. ಮಗ್ಗದ ಮುಂದೆ ಹನ್ನೆರಡು ಗಂಟೆ ನಿಲ್ಲುವ ಕಾಲು ಗಟ್ಟಿಯೇ. ಹತ್ತಿಯ ನಾರಿನ ಧೂಳು ಕುಡಿದ ಎದೆ ಗಟ್ಟಿಯೆಂದು ಹೇಳಲಾಗದು. ಈ ಮನೆಯ ತಂದೆ ಮೊದಲು ಮಾಡಬೇಕಾದ ಕೆಲಸ ಚೀಲ ಕೊಳ್ಳುವುದಲ್ಲ, ವೈದ್ಯರ ಬಳಿ ಎದೆ ತೋರಿಸಿಕೊಳ್ಳುವುದು.

ಹಾಗಾದರೆ ಕನ್ನಡದ ಮಲೆ? ಕೊಯಮತ್ತೂರಿನಿಂದ ಪಾಲಕ್ಕಾಡು, ಕಾಸರಗೋಡುಗಳ ಮೇಲೆ ಮಂಗಳೂರಿಗೆ ರೈಲಿದೆ. ಅಲ್ಲಿಂದ ಕಳಸದ ಬಸ್ಸು ಹಿಡಿದರೆ ಕುದುರೆಮುಖ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಆರುನೂರು ಚದರ ಕಿಲೋಮೀಟರಿನ ಮಲೆಗೆ ಸಿಂಗಳೀಕಗಳೇ ಮೊದಲ ವಕಾಲತ್ತು ಹಾಕಿದವು ಎನ್ನಬಹುದು: ಉಲ್ಲಾಸ ಕಾರಂತರು ಎಂಬತ್ತರ ದಶಕದ ಆರಂಭದಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆ ಉದ್ಯಾನದ ಪ್ರಸ್ತಾವಕ್ಕೆ ಆಧಾರವಾಯಿತು. ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ನಿಂತಿತು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ನೆಲ. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನಷ್ಟು ನಡಿಗೆ. ಆದರೆ ಮೇಲೆ ತಂಗುವಂತಿಲ್ಲ, ಸಂಜೆಗೆ ಇಳಿಯಬೇಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಕರ್ನಾಟಕವೂ ಚಾರಣವನ್ನು ಅಂತರ್ಜಾಲದ ಮುಂಗಡ ನೋಂದಣಿಗೆ ಒಳಪಡಿಸಿ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದೆ. ಇನ್ನು ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಈ ದಾರಿಗಳನ್ನೂ ಮುಚ್ಚುವುದುಂಟು. ಕುದುರೆಮುಖದ ಹಸಿರು ನೋಡಬೇಕಾದರೆ ದಸರಾ ರಜೆಯೇ ಸರಿ; ವಸಂತಕ್ಕೆ ಅದು ಒದಗುವುದಿಲ್ಲ.

ಉತ್ತರದ ದಾರಿ

ಬೆನ್ನಿನ ಮೇಲೆ ಬಿಡಾರ ಹೊತ್ತು ವಸಂತದಲ್ಲಿ ದಿನಗಟ್ಟಲೆ ನಡೆಯಲು ಅನುಮತಿ ದೊರೆಯುವ ಉದ್ಯಾನಗಳು ಇರುವುದು ಹಿಮಾಲಯದಲ್ಲಿ. ಅವುಗಳಲ್ಲಿ ಶಾಲಾ ಮಕ್ಕಳಿರುವ ಕುಟುಂಬಕ್ಕೆ ಹೊಂದುವಂಥದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ. 754 ಚದರ ಕಿಲೋಮೀಟರಿನ ಈ ಉದ್ಯಾನ 1999ರಲ್ಲಿ ಅಂತಿಮವಾಗಿ ಅಧಿಸೂಚಿತವಾಯಿತು. 2014ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ಮೋಟಾರು ರಸ್ತೆಯಿಲ್ಲ, ಅಂಗಡಿಯಿಲ್ಲ. ತೀರ್ಥನ್ ನದಿಯ ದಂಡೆಯ ಗುಶೈಣಿಯಿಂದ ಹೊರಟು ದೇವದಾರು, ಓಕ್ ಮರಗಳ ನಡುವೆ ನಡೆದರೆ ಮೊದಲ ಬಿಡಾರ ರೋಲಾ, ಸುಮಾರು 2,100 ಮೀಟರ್. ಅಲ್ಲಿಂದ ಕಡಿದಾದ ಏರು ಹತ್ತಿದರೆ ಸುಮಾರು 3,000 ಮೀಟರ್ ಎತ್ತರದಲ್ಲಿ ಶಿಲ್ಟ್ ಎಂಬ ಗುಡಿಸಲಿನ ತಾಣ. ತೀರ್ಥನ್ ನದಿಯ ಮೂಲದವರೆಗೆ ಹೋಗುವ ಉದ್ದನೆಯ ದಾರಿಯೂ ಇದೆ. ಮೇ ತಿಂಗಳಲ್ಲಿ ಅದರ ಮೇಲ್ಭಾಗದಲ್ಲಿ ಹಿಮ ಉಳಿದಿರುವುದರಿಂದ ಮೊದಲ ಬಾರಿಯವರು ಅದಕ್ಕೆ ಕೈಹಾಕಬಾರದು. ಹಿಮಾಚಲದ ರಾಜ್ಯಪಕ್ಷಿ ಜುಜುರಾಣ, ನಮ್ಮ ನವಿಲಿನ ದೂರದ ಬಂಧು, ಈ ಕಾಡುಗಳಲ್ಲಿ ಮೊಟ್ಟೆಯಿಡುವ ಕಾಲವೂ ಅದೇ. ಆದ್ದರಿಂದ ಗದ್ದಲವಿಲ್ಲದೆ ನಡೆಯುವುದು ಇಲ್ಲಿ ಬರಿಯ ಸಭ್ಯತೆಯ ಮಾತಲ್ಲ.

ಅನುಮತಿಯನ್ನು ಉದ್ಯಾನದ ಕಚೇರಿಯಿಂದ, ಸಾಮಾನ್ಯವಾಗಿ ಶಂಶಿ ಅಥವಾ ಸಾಯಿರೋಪಾದಿಂದ, ಗುರುತಿನ ಚೀಟಿಗಳನ್ನು ತೋರಿಸಿ ಪಡೆಯಬೇಕು. ಸ್ಥಳೀಯ ಮಾರ್ಗದರ್ಶಿ ಮತ್ತು ಹೊರೆಯಾಳುಗಳನ್ನು ಅಲ್ಲಿಯ ಹಳ್ಳಿಗಳಿಂದಲೇ ಗೊತ್ತುಮಾಡಿಕೊಳ್ಳುವುದು ಕ್ಷೇಮ, ನ್ಯಾಯವೂ ಹೌದು. ಉದ್ಯಾನವಾದಾಗ ಆ ಕಾಡಿನ ಮೇಲಿನ ಮೇವು, ಗಿಡಮೂಲಿಕೆಗಳ ಹಕ್ಕು ಕಳೆದುಕೊಂಡವರು ಅದೇ ಹಳ್ಳಿಗಳ ಜನ.

ದಿನಗಳ ಲೆಕ್ಕ ಹೀಗೆ ಕೂಡುತ್ತದೆ. ಕೇರಳ ಎಕ್ಸ್‌ಪ್ರೆಸ್ ಕೊಯಮತ್ತೂರಿನಲ್ಲೂ ತಿರುಪ್ಪೂರಿನಲ್ಲೂ ನಿಂತು ದಿಲ್ಲಿಗೆ ಹೋಗುತ್ತದೆ. ಎರಡು ರಾತ್ರಿಯ ಪಯಣ. ದಿಲ್ಲಿಯಿಂದ ಮನಾಲಿಯ ರಾತ್ರಿ ಬಸ್ಸಿನಲ್ಲಿ ಔಟ್ ಎಂಬಲ್ಲಿ ಇಳಿದು ಬಂಜಾರಿನ ಮೇಲೆ ಗುಶೈಣಿ. ಮೇ 10ರಂದು ಹೊರಟವರು 13ರ ಹೊತ್ತಿಗೆ ಗುಶೈಣಿಯಲ್ಲಿರಬಹುದು. 14ರಂದು ರೋಲಾ. 15ರಂದು ಅಲ್ಲೇ ಉಳಿದು ಚೀಲವಿಲ್ಲದೆ ಒಂದಿಷ್ಟು ಮೇಲೆ ಹತ್ತಿ ಇಳಿಯುವುದು. 16ಕ್ಕೆ ಶಿಲ್ಟ್. 17 ಬಿಡುವಿನ ದಿನ. ಮಳೆ, ಹಿಮ, ಕಾಲುನೋವು ಯಾವುದು ಬಂದರೂ ಅದಕ್ಕೆ ಮೀಸಲು. 18ಕ್ಕೆ ರೋಲಾ, 19ಕ್ಕೆ ಗುಶೈಣಿ. ಊರು ಸೇರುವಾಗ 23 ಅಥವಾ 24. ಯೋಜನೆ ಹಾಕುವವರು ಎಂದೂ ಅಳಿಸಬಾರದ ದಿನವೆಂದರೆ ಆ ಹದಿನೇಳನೆಯ ತಾರೀಖು. ಖರ್ಚು ಉಳಿಸಲು ಹೆಚ್ಚಿನವರು ಮೊದಲು ಕತ್ತರಿಸುವುದೂ ಅದನ್ನೇ.

15ರಂದು ರೋಲಾದಲ್ಲಿ ಸುಮ್ಮನೆ ಉಳಿಯುವುದಕ್ಕೂ ಕಾರಣವಿದೆ. ಸಮುದ್ರಮಟ್ಟದಿಂದ ನಾನೂರು ಮೀಟರಿನಷ್ಟೂ ಮೇಲಿಲ್ಲದ ಬಯಲಿನಿಂದ ಬಂದವರ ರಕ್ತಕ್ಕೆ ತೆಳು ಗಾಳಿ ಒಗ್ಗಲು ಸಮಯ ಬೇಕು. 2,500 ಮೀಟರಿನ ಮೇಲೆ ತಲೆನೋವು, ವಾಕರಿಕೆ, ನಿದ್ದೆಗೆಡುವುದು ಕಂಡರೆ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕಬಾರದು, ಇನ್ನೂ ಮೇಲೇರಬಾರದು, ಹೆಚ್ಚಿದರೆ ರಾತ್ರಿಯೆಂದು ನೋಡದೆ ಕೆಳಗಿಳಿಸಬೇಕು. ಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪ್ರಯಾಣ ನಿಂತೀತೆಂಬ ಭಯಕ್ಕೆ ಮುಚ್ಚಿಡುತ್ತಾರೆ. ಆದುದರಿಂದ ‘ತಲೆನೋವೆಂದರೆ ಯಾರೂ ಬಯ್ಯುವುದಿಲ್ಲ’ ಎಂಬ ಒಪ್ಪಂದ ಊರಿನಲ್ಲೇ ಆಗಬೇಕು.

ಚೀಲದ ಭಾರ ದೊಡ್ಡವರಿಗೆ ಮೈತೂಕದ ಐದನೆಯ ಒಂದು ಪಾಲು ಮೀರದಿರಲಿ, ಮಕ್ಕಳಿಗೆ ಹತ್ತರಲ್ಲಿ ಒಂದು. ಐವತ್ತೈದು ಕಿಲೋ ತೂಗುವ ತಾಯಿಯ ಪಾಲಿಗೆ ಹನ್ನೊಂದು ಕಿಲೋ. ಅದರಲ್ಲಿ ಎರಡು ನೀರಿಗೇ ಹೋಗುತ್ತವೆ. ಹತ್ತಿ ನಂಬಿ ಬದುಕುವ ಊರಿನವರಿಗೆ ಕಹಿಯಾದ ಒಂದು ಮಾತನ್ನು ಇಲ್ಲಿ ಹೇಳಬೇಕು: ಮಲೆಯ ಮೇಲೆ ಹತ್ತಿ ಬಟ್ಟೆ ಶತ್ರು. ಬೆವರಿಗೆ, ಮಳೆಗೆ ತೊಯ್ದರೆ ಬೇಗ ಆರದು, ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಮೈಗೆ ತಾಗುವ ಪದರು ಬೇಗ ಆರುವ ಕೃತಕ ನೂಲಿನದೋ ಉಣ್ಣೆಯದೋ ಆಗಿರಬೇಕು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ರಫ್ತು ಮಿಗತೆಯ ಅಂಗಡಿಗಳಲ್ಲಿ ಹುಡುಕಿದರೆ ಅಂಥದು ಸಿಗಬಹುದು. ಬೂಟು ಹೊಸದಾಗಿದ್ದರೆ ಹೊರಡುವ ಮುನ್ನ ಆರು ವಾರ ಅದನ್ನೇ ಮೆಟ್ಟಿ ಓಡಾಡಬೇಕು.

ತಿನಿಸಿನ ವಿಷಯದಲ್ಲಿ ಅಡುಗೆಮನೆ ಅಂಗಡಿಗಿಂತ ಜಾಣ. ರಾಗಿಯ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಕಡಲೆಬೀಜದ ಮಿಠಾಯಿ, ಪುಳಿಯೋಗರೆಯ ಗೊಜ್ಜು, ಚಟ್ನಿಪುಡಿ: ಯಾವುದೂ ಕೆಡುವುದಿಲ್ಲ, ಹೆಚ್ಚು ಉರಿಯನ್ನೂ ಬೇಡುವುದಿಲ್ಲ. ಗ್ಯಾಸಿನ ಒಲೆಯ ಡಬ್ಬಿಯನ್ನು ಮಾತ್ರ ಊರಿನಿಂದ ರೈಲಿನಲ್ಲಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೆಯ ಕಲಮಿನಂತೆ ಅದು ಮೂರು ವರ್ಷಗಳವರೆಗೆ ಸೆರೆವಾಸವಾಗಬಲ್ಲ ಅಪರಾಧ. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆಯ ನಿಲ್ದಾಣದಲ್ಲಿ, ಲಖನೌ ಕಡೆಯಿಂದ ಬಂದಿದ್ದ ಯಾತ್ರಿಕರ ಬೋಗಿಯೊಳಗೆ ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಡಬ್ಬಿಯನ್ನು ಕುಲ್ಲುವಿನ ಕಡೆಯೇ ಕೊಳ್ಳಬೇಕು, ಉಳಿದದ್ದನ್ನು ಅಲ್ಲೇ ಬಿಟ್ಟು ಬರಬೇಕು.

ಕುಟುಂಬ ತಾನೇ ಹೋಗದೆ ಮಕ್ಕಳನ್ನು ಸಂಘಟಕರೊಬ್ಬರ ತಂಡದೊಡನೆ ಕಳಿಸುವುದಾದರೆ ಕಾಗದಗಳನ್ನು ಇನ್ನಷ್ಟು ಗಮನಿಸಿ ಓದಬೇಕು. ‘ಏನಾದರೂ ಆದರೆ ಸಂಘಟಕರು ಹೊಣೆಯಲ್ಲ’ ಎಂಬ ನಮೂನೆಗೆ ಸಹಿ ಹಾಕಿಸಿಕೊಳ್ಳುವ ರೂಢಿಯಿದೆ. ಹದಿನೆಂಟು ತುಂಬದವರು ಮಾಡಿದ ಕರಾರಿಗೆ ಬೆಲೆಯಿಲ್ಲವೆಂದು 1903ರಲ್ಲೇ ಮೊಹೊರಿ ಬೀಬಿ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದೆ. ಹುಡುಗನ ಸಹಿ ಆ ಕಾಗದದ ಮೇಲೆ ಬರಿಯ ಮಸಿ. ತಂದೆಯ ಸಹಿ ಒಪ್ಪಿಗೆಯನ್ನು ತೋರಿಸುತ್ತದೆ. ಸಂಘಟಕನ ಅಜಾಗರೂಕತೆಯಿಂದ ಪ್ರಾಣ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಹೊಣೆಯನ್ನು ಅದು ತೊಳೆಯುವುದಿಲ್ಲ. ಆದರೆ ನ್ಯಾಯಾಲಯದ ಬಾಗಿಲು ನೆನಪಾಗುವುದು ಎಲ್ಲ ಮುಗಿದ ಮೇಲೆ. ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ: ಇಲಾಖೆಯ ಅನುಮತಿ ಪತ್ರದ ಪ್ರತಿ ಎಲ್ಲಿ? ಅದರಲ್ಲಿ ಬರೆದ ದಾರಿಯೂ ಹೋಗುವ ದಾರಿಯೂ ಒಂದೇಯೇ? ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು? ಉತ್ತರದ ಬದಲು ಮುಗುಳ್ನಗೆ ಬಂದರೆ ಹಣ ಕಟ್ಟಬಾರದು.

ಅಜ್ಜಿಯ ಲೆಕ್ಕ ಇನ್ನೂ ಉಳಿದಿದೆ. ಹದಿನಾಲ್ಕು ದಿನ ಮಗ್ಗ ನಿಲ್ಲಿಸುವುದು ಎಲ್ಲ ಮನೆಗಳಿಗೂ ಸಾಧ್ಯವಿಲ್ಲ. ಸಾಧ್ಯವಿರುವವರಿಗೂ ಮೊದಲ ವರ್ಷವೇ ಬೇಕಾಗಿಲ್ಲ. ಮಲೆಯನ್ನೇ ಕಾಣದ ಕಾಲುಗಳನ್ನು ನೇರವಾಗಿ ಹಿಮಾಲಯಕ್ಕೆ ಒಯ್ಯುವುದಕ್ಕಿಂತ ಎರಡು ವರ್ಷಗಳ ಯೋಜನೆ ಮೇಲು. ಈ ವರ್ಷ ಏಪ್ರಿಲ್ 15 ಕಳೆದು ದಾರಿಗಳು ತೆರೆದ ಮೇಲೆ ಆನೆಮಲೆಯದೋ ಸಿರುವಾಣಿಯದೋ ಒಂದು ಸುಲಭದ ದಾರಿ, ದಸರೆಗೆ ಕುದುರೆಮುಖ, ನಡುವೆ ಪ್ರತಿ ಭಾನುವಾರ ಮರುದಮಲೆಯ ಮೆಟ್ಟಿಲುಗಳನ್ನು ಚೀಲದಲ್ಲಿ ನೀರಿನ ಬಾಟಲಿ ತುಂಬಿ ಎರಡೆರಡು ಬಾರಿ ಹತ್ತಿ ಇಳಿಯುವುದು. ತಾಳವಾಡಿಯ ಹುಡುಗ ಇದರಲ್ಲಿ ಉಳಿದಿಬ್ಬರಿಗೂ ಗುರುವಾಗಬಲ್ಲ. ಆನೆಯ ಲದ್ದಿ ಹೊಸತೋ ಹಳತೋ ಎಂದು ನೋಡಿ ಹೇಳುವ ವಿದ್ಯೆಯನ್ನು ಕರುಮತ್ತಂಪಟ್ಟಿಯ ಯಾವ ಶಾಲೆಯೂ ಕಲಿಸುವುದಿಲ್ಲ.

ಮುಂದಿನ ವರ್ಷದ ರೈಲಿಗೆ ಈಗಲೇ ಗುರುತು ಹಾಕಿಕೊಳ್ಳಬೇಕಾದ ದಿನವೊಂದಿದೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ. ಮೇ 10ರ ಪಯಣಕ್ಕೆ ಟಿಕೆಟ್ ತೆರೆಯುವುದು ಮಾರ್ಚ್ 11ರಂದು, ಬೆಳಿಗ್ಗೆ ಎಂಟು ಗಂಟೆಗೆ. ಕುರಂಗಣಿಯ ತಾರೀಖೂ ಅದೇ. ಮಕ್ಕಳ ಪರೀಕ್ಷೆ ಆಗಿನ್ನೂ ಮುಗಿದಿರುವುದಿಲ್ಲವಾದ್ದರಿಂದ ಅಂದು ಕಿಟಕಿಯ ಮುಂದೆ ಸಾಲು ನಿಲ್ಲುವುದು ತಂದೆಯ ಪಾಲಿಗೇ ಬರುತ್ತದೆ.